ಹಾರೂಗೇರಿ ಸಂತೆಯ ಹೆಸರಿಲ್ಲದ ಗಾಡಿ

ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಹಾರೂಗೇರಿಗೆ ಮೊದಲ ಸಲ ಬರುವವರಿಗೆ ಊರಿಗಿಂತ ಮೊದಲು ಪರಿಚಯವಾಗುವುದು ಅದರ ಕ್ರಾಸು. ಅಥಣಿಯ ಕಡೆಗೆ ಹೋಗುವವರು, ರಾಯಬಾಗಕ್ಕೆ ಹೊರಟವರು, ಮುಧೋಳ, ಗೋಕಾಕದ ಬಸ್ಸು ಕಾಯುವವರು ಎಲ್ಲರೂ ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಕಬ್ಬಿನ ಹಂಗಾಮಿನಲ್ಲಂತೂ ರಸ್ತೆ ಮನುಷ್ಯರದಲ್ಲ, ಟ್ರ್ಯಾಕ್ಟರುಗಳದು. ಒಂದೊಂದಕ್ಕೆ ಎರಡೆರಡು ಟ್ರೇಲರು, ಅವುಗಳ ಮೇಲೆ ಆಳೆತ್ತರ ಕಬ್ಬು, ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆಯೇನೋ ಎನಿಸುವಷ್ಟು ಭಾರ, ಅದರ ಜೊತೆಗೆ ಕಿವಿಗಡಚಿಕ್ಕುವ ಹಾಡು. ಘಟಪ್ರಭಾ ಎಡದಂಡೆ ಕಾಲುವೆ ಮತ್ತು ಕೃಷ್ಣೆಯ ನೀರು ಕಂಡ ಮೇಲೆ ಈ ಸೀಮೆಯ ಜೋಳದ ಹೊಲಗಳು ಬಹುಪಾಲು ಕಬ್ಬಿನ ಗದ್ದೆಗಳಾದವು. ಕಬ್ಬಿನ ಬಿಲ್ಲು ಬಂದಾಗ ಸಂತೆಗೆ ಕಳೆ ಬರುತ್ತದೆ. ಬರದಿದ್ದಾಗ ಸಂತೆಯೂ ಬಾಕಿ ಲೆಕ್ಕದ ಮೇಲೆ ನಡೆಯುತ್ತದೆ.

ಸಂತೆಯ ಅಂಚಿನಲ್ಲಿ, ಬಳೆ, ರಿಬ್ಬನ್ನು, ಪ್ಲಾಸ್ಟಿಕ್ ಕೊಡಗಳ ಪಕ್ಕದಲ್ಲಿ, ತಾಡಪತ್ರಿ ಹಾಸಿ ಆಟಿಗೆ ಸಾಮಾನು ಹರವಿಕೊಂಡು ಕೂತವರು ಸಿಗುತ್ತಾರೆ. ಇವರೇ ಮಾಘ ಮಾಸದ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲೂ ಇರುತ್ತಾರೆ. ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವ ಲಕ್ಷಾಂತರ ಭಕ್ತರಿಗೆ ಭಂಡಾರ ಎಷ್ಟು ಮುಖ್ಯವೋ ಅವರ ಮಕ್ಕಳಿಗೆ ಈ ತಾಡಪತ್ರಿಯ ಅಂಗಡಿ ಅಷ್ಟೇ ಮುಖ್ಯ. ಅಲ್ಲಿ ಪೀಪಿ, ಬುಗ್ಗೆ, ಬಂದೂಕು, ಬುಲ್ಡೋಜರುಗಳ ನಡುವೆ ಹುಡುಗರ ಕಣ್ಣು ಹೋಗಿ ನಿಲ್ಲುವುದು ಒಂದು ಗಾಡಿಯ ಮೇಲೆ. ಹಳದಿ ಬಣ್ಣದ ಮೋಟಾರು ಗಾಡಿ. ಬಾನೆಟ್ಟು ಹಿಡಿದು ಎಳೆದರೆ ಎದೆಯಾಗುತ್ತದೆ, ಬಾಗಿಲು ತಿರುವಿದರೆ ರೆಕ್ಕೆಯಾಗುತ್ತದೆ, ಹಿಂಬದಿ ಸೀಳಿ ಎರಡು ಕಾಲಾಗುತ್ತದೆ. ನಡುವಿನಿಂದ ಒಂದು ತಲೆ ಹೊರಗೆ ಬಂತೆಂದರೆ ಗಾಡಿ ಹೋಗಿ ರಾಕ್ಷಸ ನಿಂತ ಹಾಗೆಯೇ.

‘ಇದು ಯಾ ಗಾಡಿ ಐತಿ?’ ಎಂದು ಹುಡುಗ ಕೇಳುವುದು ಸಹಜ. ಟ್ರ್ಯಾಕ್ಟರಿನ ಸದ್ದು ಕೇಳಿಯೇ ಅದರ ಕಂಪನಿ ಹೇಳಬಲ್ಲ ಮಕ್ಕಳ ಊರು ಇದು. ಆದರೆ ಈ ಗಾಡಿಯ ಮೂತಿಯ ಮೇಲೆ ಹೆಸರಿಲ್ಲ, ಗುರುತೂ ಇಲ್ಲ. ಗುರುತು ಇರಬೇಕಾದ ಜಾಗದಲ್ಲಿ ಒಂದು ಬೋಳು ಗುಬುಟು ಇದೆ. ಕೆಲವು ಸಲ ಹೆಸರಿನಂತೆ ಕಾಣುವ, ಆದರೆ ಯಾವ ಹೆಸರೂ ಅಲ್ಲದ ಅಕ್ಷರಗಳಿರುತ್ತವೆ. ಸಂತೆಯ ಮಾಲು ಹೀಗಿರುವುದರಲ್ಲಿ ಸೋಜಿಗವಿಲ್ಲ. ಸೋಜಿಗವೆಂದರೆ, ಬೆಂಗಳೂರಿನ ಹವಾನಿಯಂತ್ರಿತ ಮಳಿಗೆಯಲ್ಲಿ ಸಾವಿರಾರು ರೂಪಾಯಿಗೆ ಸಿಗುವ ಅಸಲಿ ಗೊಂಬೆಯ ಮೂತಿಯೂ ಎಷ್ಟೋ ಸಲ ಹೀಗೆಯೇ ಬೋಳು.

ಈ ಬೋಳು ಮೂತಿಯ ಹಿಂದೆ ದೊಡ್ಡ ಕಥೆಯಿದೆ. ಅದು ಜಪಾನಿನಲ್ಲಿ ಹುಟ್ಟಿ, ಅಮೆರಿಕ, ಜರ್ಮನಿಗಳ ದಾರಿ ಹಿಡಿದು, ಬಂದು ಮುಟ್ಟುವುದು ಹಾರೂಗೇರಿಯ ಮಗ್ಗುಲಿಗೇ.

ಗಾಡಿಯಿಂದ ರೋಬೋಗೆ

ಟೋಕಿಯೋದ ಟಕಾರಾ ಎಂಬ ಆಟಿಕೆ ಕಂಪನಿ 1980ರಲ್ಲಿ ‘ಡಯಾಕ್ಲೋನ್’ ಎಂಬ ಹೆಸರಿನ ಗೊಂಬೆಗಳನ್ನು ತಂದಿತು. ಎರಡು ವರ್ಷ ಕಳೆದ ಮೇಲೆ ಅದೇ ಸಾಲಿನಲ್ಲಿ ಕಾರಿನಿಂದ ರೋಬೋ ಆಗುವ ಗೊಂಬೆಗಳು ಬಂದವು. ಕಾರುಗಳು ಕಲ್ಪನೆಯವಲ್ಲ. ಲ್ಯಾಂಬೋರ್ಗಿನಿ ಕೌಂಟಾಶ್, ಲಾನ್ಸಿಯಾ ಸ್ಟ್ರಾಟೋಸ್, ಪೋರ್ಷೆ, ಹೋಂಡಾ ಸಿಟಿ, ಹೀಗೆ ರಸ್ತೆಯ ಮೇಲೆ, ಪಂದ್ಯದ ಕಣದಲ್ಲಿ ಓಡುತ್ತಿದ್ದ ನಿಜವಾದ ಕಾರುಗಳ 1:60 ಪ್ರಮಾಣದ ಪ್ರತಿರೂಪಗಳು. 1983ರಲ್ಲಿ ಅದೇ ಕಂಪನಿಯ ಇನ್ನೊಂದು ಸಾಲಿನಲ್ಲಿ ಅಂಗೈಯಗಲದ ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಬಂತು. ಮರುವರ್ಷ, 1984ರಲ್ಲಿ, ಅಮೆರಿಕದ ಹ್ಯಾಸ್ಬ್ರೊ ಕಂಪನಿ ಈ ಅಚ್ಚುಗಳನ್ನು ಒಪ್ಪಂದದ ಮೇಲೆ ಪಡೆದು, ಕಾಮಿಕ್ಸ್ ಪ್ರಕಾಶಕರಾದ ಮಾರ್ವೆಲ್‌ನವರಿಂದ ಒಂದೊಂದಕ್ಕೂ ಹೆಸರು, ಸ್ವಭಾವ, ಜಗಳ ಬರೆಸಿ ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಾಟಕ್ಕಿಟ್ಟಿತು. ಅಂಗೈಯಗಲದ ಬೀಟಲ್ಲು ‘ಬಂಬಲ್‌ಬೀ’ ಆಯಿತು.

ಆ ಕಾಲಕ್ಕೆ ಕಾರಿನ ಕಂಪನಿಗಳು ಆಟಿಕೆಯ ವಿಷಯದಲ್ಲಿ ಇಂದಿನಷ್ಟು ಬಿಗಿಯಾಗಿರಲಿಲ್ಲ. ಹಾಗೆಂದು ಗೊಂಬೆ ಮಾಡುವವರಿಗೆ ಭಯವೇ ಇರಲಿಲ್ಲವೆಂದಲ್ಲ. ಲಿಜಿಯೇ ಪಂದ್ಯದ ಕಾರಿನ ಪ್ರತಿರೂಪದ ಮೇಲೆ ‘ಜಿಟಾನ್’ ಎಂಬ ಫ್ರೆಂಚ್ ಸಿಗರೇಟಿನ ಹೆಸರಿರಬೇಕಿತ್ತು. ಗೊಂಬೆಯ ಮೇಲೆ ಅದರ ಮೊದಲ ಅಕ್ಷರವಾದ ‘ಜಿ’ಗೆ ಬದಲಾಗಿ ‘ಸಿ’ ಅಂಟಿತು. ದೂರದಿಂದ ನೋಡಿದರೆ ಅದೇ, ಹತ್ತಿರದಿಂದ ನೋಡಿದರೆ ಅದಲ್ಲ. ಸಂತೆಯಲ್ಲಿ ಹೆಸರಾಂತ ಸಾಬೂನಿನ ಹೊದಿಕೆಯಲ್ಲಿ ಒಂದಕ್ಷರ ಮಾತ್ರ ಬೇರೆಯಾದ ಸಾಬೂನು ಸಿಗುವುದಿಲ್ಲವೇ, ಆ ಜಾಣತನ ಜಪಾನಿಗೂ ಹೊಸದಲ್ಲ.

ಈ ಗೊಂಬೆಗಳಿಗೆ ದುಡ್ಡು ಬಂದ ಮೇಲೆ ಬಿಗಿಯೂ ಬಂತು. 2003ರಲ್ಲಿ ಟಕಾರಾ ಮತ್ತು ಹ್ಯಾಸ್ಬ್ರೊ 1:24 ಪ್ರಮಾಣದ ಹೊಸ ಸಾಲನ್ನು ಹೊರಡಿಸಿದವು. ಸುಬಾರು ಇಂಪ್ರೆಜಾ, ಡಾಡ್ಜ್ ವೈಪರ್ ಮೊದಲಾದ ಕಾರುಗಳನ್ನು ಒಂದೊಂದು ಕಂಪನಿಯ ಪರವಾನಗಿ ಪಡೆದೇ ಮಾಡಲಾಗಿತ್ತು. ಬಾಗಿಲು ತೆರೆಯುತ್ತಿತ್ತು, ಗಾಲಿಗೆ ರಬ್ಬರಿತ್ತು, ಮೂತಿಯ ಮೇಲೆ ಅಸಲಿ ಗುರುತಿತ್ತು. ಪರವಾನಗಿ ಎಂದರೆ ಬರೀ ಹಣದ ಲೆಕ್ಕವಲ್ಲ. ಕಾರಿನ ಆಕಾರ, ಬಣ್ಣ, ಗೆರೆ ಎಲ್ಲಕ್ಕೂ ಕಂಪನಿಯ ಒಪ್ಪಿಗೆ ಬೇಕು. ತಮ್ಮ ಗಾಡಿ ಖಳನಾಯಕನಾಗಬಾರದೆಂದೋ, ಬಂದೂಕು ಹಿಡಿಯಬಾರದೆಂದೋ ಮಾಲೀಕರು ಪಟ್ಟು ಹಿಡಿಯಬಹುದು. 2007ರಲ್ಲಿ ಮೈಕೇಲ್ ಬೇ ನಿರ್ದೇಶನದ ಸಿನಿಮಾ ಬಂದಾಗ ಬಂಬಲ್‌ಬೀ ಬೀಟಲ್ ಆಗಿರಲಿಲ್ಲ. ಜನರಲ್ ಮೋಟರ್ಸ್‌ನ ಷೆವರ್ಲೆ ಕಮಾರೊ ಆಗಿತ್ತು. ಹಳೇ ಕಾರು ಮಾರುವ ಅಂಗಡಿಯ ದೃಶ್ಯದಲ್ಲಿ ಪಕ್ಕಕ್ಕೆ ನಿಂತಿರುವ ಹಳದಿ ಬೀಟಲ್ಲಿಗೆ ಕಮಾರೊ ತನ್ನ ಬಾಗಿಲಿನಿಂದ ಒಂದೇಟು ಕೊಡುತ್ತದೆ. ಕುಲ ಬಿಟ್ಟು ಹೋದ ಮಗ ಹಳೇ ಮನೆಯ ಬಾಗಿಲಿಗೆ ಕಲ್ಲು ಹೊಡೆದ ಹಾಗೆ! 1987ರ ಕಾಲದಲ್ಲಿ ನಡೆಯುವ 2018ರ ಸಿನಿಮಾದಲ್ಲಿ ಅವನು ಮತ್ತೆ ಬೀಟಲ್ಲಿಗೇ ಬಂದ. ಮೂವತ್ತು ವರ್ಷ ಮಕ್ಕಳು ಕೂಗಿದ ಹೆಸರು ಒಂದೇ, ಅವನು ತೊಟ್ಟ ಗಾಡಿ ಮಾತ್ರ ಒಪ್ಪಂದಕ್ಕೆ ತಕ್ಕಂತೆ ಬದಲಾಯಿತು.

ಬೀಟಲ್ಲಿನ ಡೊಂಕು ಬೆನ್ನು ಯಾರ ಸ್ವತ್ತು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಬಲ್ಲದು. ಹಾಗೆ ಹೋದ ಒಂದು ಪ್ರಕರಣ ಬಹು ಸ್ವಾರಸ್ಯದ್ದು. ಜರ್ಮನಿಯ ಓಪೆಲ್ ಕಂಪನಿ ತನ್ನ ಮಿಂಚಿನ ಗುರುತನ್ನು 1990ರಲ್ಲಿ ಕಾರಿಗಷ್ಟೇ ಅಲ್ಲ, ಆಟಿಕೆಗೂ ನೋಂದಾಯಿಸಿಕೊಂಡಿತ್ತು. ನ್ಯೂರೆಂಬರ್ಗಿನ ಆಟೆಕ್ ಎಂಬ ಕಂಪನಿ ದೂರನಿಯಂತ್ರಣದಿಂದ ಓಡುವ ಪುಟ್ಟ ಓಪೆಲ್ ಆಸ್ಟ್ರಾ ಮಾಡಿ, ಅಸಲಿ ಕಾರಿನಲ್ಲಿದ್ದಂತೆಯೇ ಮೂತಿಯ ಮೇಲೆ ಮಿಂಚನ್ನು ಅಚ್ಚೊತ್ತಿತು. ಓಪೆಲ್ ಕೋರ್ಟಿಗೆ ಹೋಯಿತು. ಐರೋಪ್ಯ ನ್ಯಾಯಾಲಯ 2007ರ ಜನವರಿ 25ರಂದು ಕೊಟ್ಟ ತೀರ್ಪಿನ ಸಾರ ಇಷ್ಟು: ಈ ಆಟಿಕೆಯನ್ನು ಓಪೆಲ್‌ನವರೇ ಮಾಡಿದ್ದಾರೆ ಇಲ್ಲವೇ ಮಾಡಿಸಿದ್ದಾರೆ ಎಂದು ಕೊಳ್ಳುವವನು ತಿಳಿಯುತ್ತಾನೆಯೇ ಎಂಬುದನ್ನು ಮೊದಲು ನೋಡಬೇಕು, ಗುರುತಿನ ಹೆಸರನ್ನು ಅನ್ಯಾಯವಾಗಿ ದುಡಿಸಿಕೊಂಡಿದ್ದರೆ ಅದು ಬೇರೆ ಮಾತು. ಕೊನೆಗೆ 2010ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಆಟಿಕೆಯವರ ಪರ ನಿಂತಿತು. ಪುಟ್ಟ ಕಾರು ದೊಡ್ಡ ಕಾರಿನ ಚಿತ್ರ. ಚಿತ್ರದಲ್ಲಿ ಹಣೆಯ ಬೊಟ್ಟೂ ಇರುತ್ತದೆ. ಬೊಟ್ಟನ್ನು ನೋಡಿ ಚಿತ್ರ ಬರೆದವರು ಯಾರೆಂದು ಯಾರೂ ನಿರ್ಧರಿಸುವುದಿಲ್ಲ ಎಂಬುದು ಆ ವಾದದ ತಿರುಳು. ಮಕ್ಕಳ ಪರವಾದ ತೀರ್ಪು ಎಂದು ಇದನ್ನು ಕರೆದರೆ ತಪ್ಪಾಗದು.

ನಮ್ಮ ದೇಶದಲ್ಲಿ ಗಾಳಿ ಬೇರೆ ಕಡೆಗೆ ಬೀಸಿದೆ. ತೊಂಬತ್ತರ ದಶಕದ ಮೊದಲಲ್ಲಿ ದೆಹಲಿಯ ಹೈಕೋರ್ಟಿನ ಮುಂದೆ ಒಂದು ಒಳಉಡುಪಿನ ಮೊಕದ್ದಮೆ ಬಂತು. ಬೆಂಜ್ ಕಾರಿನ ಹೆಸರನ್ನೂ, ಉಂಗುರದೊಳಗಿನ ಮೂರು ಮೊನೆಯ ನಕ್ಷತ್ರವನ್ನು ಹೋಲುವ ಮನುಷ್ಯನ ಚಿತ್ರವನ್ನೂ ಹಾಕಿ ಚಡ್ಡಿ ಮಾರಲಾಗುತ್ತಿತ್ತು. ಕಾರು ಕೊಳ್ಳುವವನು ಚಡ್ಡಿ ನೋಡಿ ಮೋಸ ಹೋಗುವುದಿಲ್ಲ ನಿಜ. ಆದರೂ ಅಷ್ಟು ಹೆಸರಾದ ಗುರುತನ್ನು ಕಂಡವರೆಲ್ಲ ಎತ್ತಿಕೊಳ್ಳುವಂತಿಲ್ಲವೆಂದು ನ್ಯಾಯಾಲಯ ತಡೆಯಿತು. ಮುಂದೆ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆ ಇದನ್ನು ಬರಹದಲ್ಲೇ ಇಟ್ಟಿತು. ಸರಕುಗಳನ್ನು ವರ್ಗಗಳಾಗಿ ವಿಂಗಡಿಸುವ ಪಟ್ಟಿಯಲ್ಲಿ ವಾಹನಗಳದು 12ನೇ ವರ್ಗ, ಆಟಿಕೆಗಳದು 28ನೆಯದು, ಚಪ್ಪಲಿ ಮತ್ತು ಬಟ್ಟೆಗಳದು 25ನೆಯದು. ಆದರೆ ಹೆಸರು ದೊಡ್ಡದಾದರೆ ವರ್ಗದ ಬೇಲಿ ದಾಟಿಯೂ ಅದಕ್ಕೆ ರಕ್ಷಣೆಯುಂಟು.

ಬೇಲಿಯಾಚೆ ಮತ್ತು ಈಚೆ

ಹಾರೂಗೇರಿಯ ತಾಡಪತ್ರಿ ಅಂಗಡಿಗೆ ಮರಳಿದರೆ, ಅಲ್ಲಿನ ಗಾಡಿಗೆ ಈ ಯಾವ ಕೋರ್ಟಿನ ಭಯವೂ ತಟ್ಟಿಲ್ಲ. ಅದಕ್ಕೆ ತಟ್ಟಿದ ಕಾನೂನು ಬೇರೆ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಅದಕ್ಕೂ ಮೊದಲು, 2020ರಲ್ಲಿ, ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತ್ತು. 2023ರಲ್ಲಿ 70ಕ್ಕೆ ಹೋಯಿತು. ಚೀನಾದಿಂದ ಮೂಟೆ ಮೂಟೆಯಾಗಿ ಬರುತ್ತಿದ್ದ ಅಗ್ಗದ ಗಾಡಿಗಳ ಓಟಕ್ಕೆ ಇದರಿಂದ ಲಗಾಮು ಬಿತ್ತು. ಈ ಕಡ್ಡಾಯದಿಂದ ಹೊರಗುಳಿದವು ನೋಂದಾಯಿತ ಕುಶಲಕರ್ಮಿಗಳ ಕೈಕೆಲಸದ ಆಟಿಕೆಗಳು ಮತ್ತು ಭೌಗೋಳಿಕ ಗುರುತು ಪಡೆದ ಆಟಿಕೆಗಳು. ಅಂದರೆ ಚನ್ನಪಟ್ಟಣದ ಅರಗಿನ ಗೊಂಬೆಗೆ, ಕಿನ್ನಾಳದ ಮರದ ಗೊಂಬೆಗೆ ಊರಿನ ಹೆಸರೇ ಮುದ್ರೆಯಾಗಿ ಒದಗಿತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಹಾರೂಗೇರಿಯಿಂದ ಹೆಚ್ಚು ದೂರವಲ್ಲದ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ, ಏಕಸ್ ಎಂಬ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ವಿಮಾನದ ಬಿಡಿಭಾಗ ಮಾಡುವುದಕ್ಕೆ ಹೆಸರಾದ ಈ ಬೆಳಗಾವಿಯ ಕಂಪನಿ ಆಟಿಕೆಯ ಕೆಲಸವನ್ನೂ ಹಿಡಿಯಿತು. ಅದರ ಗಿರಾಕಿಗಳಲ್ಲಿ ಹ್ಯಾಸ್ಬ್ರೊ ಕೂಡ ಒಂದು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕಿನ್ನಾಳವೂ ಅದೇ ಜಿಲ್ಲೆಯದು. ಒಂದು ಕಡೆ ಊರಿನ ಹೆಸರನ್ನೇ ಬಂಡವಾಳ ಮಾಡಿಕೊಂಡ ಚಿತ್ರಗಾರರ ಮನೆಗಳು. ಇನ್ನೊಂದು ಕಡೆ ಬೇರೆಯವರ ಹೆಸರಿಗೆ, ಬೇರೆಯವರ ಅಚ್ಚಿಗೆ ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆ. ಎರಡನೆಯದರಲ್ಲಿ ಸಂಬಳ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ ಎಂಬುದನ್ನು ಮರೆಯಬಾರದು. ಹೆಸರಿನ ಅಭಿಮಾನವನ್ನೇ ಉಂಡು ಯಾರ ಹೊಟ್ಟೆಯೂ ತುಂಬದು.

ಹಾಗಾದರೆ ಮಾಡುವ ಕೈ ಒಂದು, ಹೆಸರು ಇನ್ನೊಬ್ಬರದು ಎಂಬುದು ಈ ಸೀಮೆಗೆ ಹೊಸತೇ? ಅಲ್ಲ. ಇದನ್ನು ನೋಡಬೇಕೆಂದರೆ ಕ್ರಾಸಿನಲ್ಲಿ ಅಥಣಿಯ ಬಸ್ಸು ಹಿಡಿಯಬೇಕು.

ಕೃಷ್ಣೆಯ ಆಚೆ ದಂಡೆ

ಹಾರೂಗೇರಿ ಬಿಟ್ಟ ಬಸ್ಸು ಕಬ್ಬಿನ ನಡುವೆ ಸಾಗಿ ಕೃಷ್ಣೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಬಂಡೆ, ಮರಳು ತೋರುವ ಈ ನದಿಯೇ 2005ರಲ್ಲಿ, ಮತ್ತೆ 2019ರಲ್ಲಿ ದಂಡೆಯ ಹಳ್ಳಿಗಳನ್ನು ನುಂಗಿ, ಸೇತುವೆಗಳ ಮೇಲೆ ಹರಿದು, ಈಚೆಯವರನ್ನು ಈಚೆಗೆ, ಆಚೆಯವರನ್ನು ಆಚೆಗೆ ಕೂರಿಸಿತ್ತು. ನದಿ ದಾಟಿದ ಮೇಲೆ ನೆಲ ಮೆಲ್ಲನೆ ಒಣಗುತ್ತಾ ಹೋಗುತ್ತದೆ. ಜತ್ತಿನ ಬರಡು ಸೀಮೆಯ ಬಿಸಿಗಾಳಿ ಇಲ್ಲಿಂದಲೇ ಮುಖಕ್ಕೆ ತಾಗುತ್ತದೆ.

ಅಥಣಿ ಎಂದರೆ ಭಕ್ತರಿಗೆ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ. ಕಾಲಿಗೆ ಮೆಟ್ಟುವ ರಸಿಕರಿಗೆ ಅದು ಚಪ್ಪಲಿಯ ಊರು. ಓಣಿಗಳಲ್ಲಿ ಹೊಕ್ಕರೆ ಚರ್ಮದ, ಎಣ್ಣೆಯ ವಾಸನೆ ಎದುರುಗೊಳ್ಳುತ್ತದೆ. ಮನೆಯ ಕಟ್ಟೆಯೇ ಕಾರ್ಖಾನೆ. ಗಂಡಸರು ಕಲ್ಲಿನ ಮೇಲೆ ಚರ್ಮ ಹಾಸಿ, ರಂಪಿಯಿಂದ ಅಟ್ಟೆ ಕೊಯ್ದು, ಬಡಿದು ಗಟ್ಟಿ ಮಾಡುತ್ತಾರೆ. ಹೆಂಗಸರು ಸಣ್ಣಗೆ ಸೀಳಿದ ಚರ್ಮದ ಎಳೆಗಳನ್ನು ಜಡೆಯಂತೆ ಹೆಣೆಯುತ್ತಾರೆ, ಅಟ್ಟೆಗಳನ್ನು ಹೊಲಿಯುತ್ತಾರೆ. ದಾರವೂ ಚರ್ಮದ್ದೇ, ಮೊಳೆಗೆ ಕೆಲಸವಿಲ್ಲ. ಎಮ್ಮೆಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ದಿನಗಟ್ಟಲೆ ನೆನೆಸಿ ಹದ ಮಾಡುವುದು ಹಳೆಯ ಪದ್ಧತಿ. ಯಾವ ರಾಸಾಯನಿಕವೂ ಇಲ್ಲದ ಆ ಹದದಿಂದಲೇ ಚಪ್ಪಲಿಗೆ ಆ ಜೇನಿನ ಬಣ್ಣ. ಈಗ ಊರಲ್ಲಿ ಹದ ಮಾಡುವವರು ಕಡಿಮೆಯಾಗಿ, ಬಹಳ ಮಂದಿ ಹೊರಗಿನ ಚರ್ಮಾಲಯಗಳ ಸರಕನ್ನು ನೆಚ್ಚಿದ್ದಾರೆ. ಅಥಣಿ ಒಂದೇ ಅಲ್ಲ, ಮದಭಾವಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಯ ಕಡೆಯ ಹಳ್ಳಿಗಳಲ್ಲೂ ಸಮಗಾರ, ಡೋರ ಮೊದಲಾದ ಕುಲದವರ ಕೈಯಲ್ಲಿ ಈ ಕಸುಬು ಉಳಿದಿದೆ. ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಈ ಓಣಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾದ್ದಿಲ್ಲ.

ಇಷ್ಟೆಲ್ಲ ಇಲ್ಲಿಯದಾದರೂ ಚಪ್ಪಲಿಯ ಹೆಸರು ಮಾತ್ರ ಕೊಲ್ಹಾಪುರಿ.

ಇದಕ್ಕೆ ಕಾರಣ ಪೇಟೆ. ಮಾಲು ತಯಾರಾಗುವುದು ಹಳ್ಳಿಯಲ್ಲಿ, ಮಾರಾಟವಾಗುವುದು ಕೊಲ್ಹಾಪುರದ ಅಂಗಡಿ ಸಾಲಿನಲ್ಲಿ. ಹೆಸರು ಹುಟ್ಟುವುದು ಮಾರುವ ಜಾಗದಲ್ಲಿ. ಮಹಾಲಕ್ಷ್ಮಿಯ ದರ್ಶನಕ್ಕೆ ಬಂದವರು ಕೊಂಡು ಹೋಗಿ ಊರೂರಿಗೆ ಆ ಹೆಸರನ್ನು ಮುಟ್ಟಿಸಿದರು. ಶಾಹೂ ಮಹಾರಾಜರ ಪ್ರೋತ್ಸಾಹವೂ ಈ ಕಸುಬಿಗೆ ಸಿಕ್ಕಿತ್ತು. ಇತಿಹಾಸದ ಇನ್ನೊಂದು ಎಳೆಯನ್ನೂ ಇಲ್ಲಿ ಗಮನಿಸಬೇಕು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿತ್ತು. 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಬಂದವು. ಅಂದರೆ ರಾಯಬಾಗದ ಮುದುಕನೊಬ್ಬ ಎಂಬತ್ತು ವರ್ಷದ ಹಿಂದೆ ಹೊಲಿದ ಜೋಡು ಅಕ್ಷರಶಃ ಕೊಲ್ಹಾಪುರಿಯೇ. ಅವನ ಮೊಮ್ಮಗ ಹೊಲಿದದ್ದು ಕರ್ನಾಟಕದ ಕೊಲ್ಹಾಪುರಿ. ಗಡಿ ಸರಿಯಿತು, ಹೆಸರು ಸರಿಯಲಿಲ್ಲ.

ಅಥಣಿಯವರು ತಮ್ಮದೇ ಹೆಸರು ಕಟ್ಟುವ ಯತ್ನ ಮಾಡಲಿಲ್ಲವೆಂದಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಸ್ವಯಂಸೇವಾ ಸಂಸ್ಥೆಯ ನೆರವಿನಿಂದ, ಇಲ್ಲಿನ ಕುಶಲಕರ್ಮಿಗಳು, ಅದರಲ್ಲೂ ಸ್ವಸಹಾಯ ಗುಂಪುಗಳ ಹೆಂಗಸರು, ‘ಟೋಹೋಲ್ಡ್’ ಎಂಬ ತಮ್ಮದೇ ಬ್ರ್ಯಾಂಡು ಹಿಡಿದು ಹೊರದೇಶಗಳಿಗೆ ಚಪ್ಪಲಿ ಕಳಿಸತೊಡಗಿದರು. ಬೆನ್ನ ಹಿಂದೆ ಕೂತು ಹೊಲಿಯುತ್ತಿದ್ದ ಹೆಂಗಸಿನ ಕೂಲಿ ಲೆಕ್ಕಕ್ಕೆ ಬಂದದ್ದು ಈ ಯತ್ನದ ದೊಡ್ಡ ಫಲ. ಆದರೂ ಸಾಮಾನ್ಯ ಗಿರಾಕಿ ಅಂಗಡಿಗೆ ಬಂದು ಕೇಳುವುದು ಆಗಲೂ ಈಗಲೂ ‘ಕೊಲ್ಹಾಪುರಿ ಅದಾವೇನ್ರಿ?’ ಎಂದೇ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರಕಿತು. ಗಡಿಯ ಆಚೆ ಈಚೆ ಏನೆಲ್ಲ ಜಗಳ ಕಂಡವರಿಗೆ ಈ ದಾಖಲೆ ಒಂದು ಬೆರಗು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ, ಸಾತಾರಾ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅತ್ತ ನಾಲ್ಕು, ಇತ್ತ ನಾಲ್ಕು. ಹೆಸರಿನ ಒಡೆಯರಾಗಿ ಎರಡು ಸರ್ಕಾರಿ ನಿಗಮಗಳು ಜೊತೆಯಾಗಿ ನಿಂತವು: ಅವರ ಸಂತ ರೋಹಿದಾಸರ ಹೆಸರಿನ ಲಿಡ್‌ಕಾಮ್, ನಮ್ಮ ಡಾ. ಬಾಬು ಜಗಜೀವನ್ ರಾಂ ಹೆಸರಿನ ಲಿಡ್ಕರ್. ನೀರಿಗೆ, ನೆಲಕ್ಕೆ, ಬೋರ್ಡಿನ ಭಾಷೆಗೆ ಆಗದ ರಾಜಿ ಚಪ್ಪಲಿಗೆ ಆಯಿತು.

ಕಾರಿನ ಗುರುತಿಗೂ ಊರಿನ ಗುರುತಿಗೂ ಇರುವ ಅಂತರ ಇಲ್ಲಿ ತಿಳಿಯಬೇಕು. ಕಾರಿನ ಕಂಪನಿ ತನ್ನ ಹೆಸರನ್ನು ಆಟಿಕೆಯವರಿಗೆ ಬಾಡಿಗೆ ಕೊಡಬಹುದು, ಮಾರಲೂಬಹುದು. ಭೌಗೋಳಿಕ ಗುರುತನ್ನು ಹಾಗೆ ಮಾಡಲು ಬರುವುದಿಲ್ಲ. 1999ರ ಕಾಯ್ದೆಯ 24ನೇ ಕಲಮು ಅದನ್ನು ಮಾರುವುದನ್ನೂ, ಪರವಾನಗಿಯ ಮೇಲೆ ಕೊಡುವುದನ್ನೂ, ಒತ್ತೆ ಇಡುವುದನ್ನೂ ನಿಷೇಧಿಸುತ್ತದೆ. ಆ ನೆಲದಲ್ಲಿ ಕೂತು, ಹೇಳಿದ ಬಗೆಯಲ್ಲಿ ಮಾಡುವವನು ನೋಂದಾಯಿಸಿಕೊಂಡು ಬಳಸಬಹುದು, ಅಷ್ಟೆ. ಮನೆದೇವರ ಹಾಗೆ. ಪೂಜೆ ಮಾಡಬಹುದು, ಮಾರುವಂತಿಲ್ಲ. ಆದರೆ ಈ ರಕ್ಷಣೆ ಹೆಸರಿಗೆ ಸಿಕ್ಕಷ್ಟು ಸುಲಭವಾಗಿ ಆಕಾರಕ್ಕೆ ಸಿಗದು. ಹೆಸರು ಹೇಳದೆ ಅದೇ ಹೆಣಿಗೆ, ಅದೇ ಉಂಗುಟ, ಅದೇ ಅಟ್ಟೆ ಮಾಡಿದರೆ ಹಿಡಿಯುವುದು ಕಷ್ಟ. ಬೋಳು ಮೂತಿಯ ಗಾಡಿಯ ಉಪಾಯವೇ ಇಲ್ಲಿಯೂ!

ಮಿಲಾನಿನ ಜೋಡು

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿಯ ಗಂಡಸರ ಉಡುಪಿನ ಪ್ರದರ್ಶನ ನಡೆಯಿತು. ರೂಪದರ್ಶಿಗಳ ಕಾಲಲ್ಲಿದ್ದ ಜೋಡನ್ನು ಅಥಣಿಯ ಯಾವ ಹುಡುಗನೂ ಗುರುತಿಸಬಲ್ಲ. ಅಲ್ಲಿ ಅದನ್ನು ಕರೆದದ್ದು ಬರೀ ಚರ್ಮದ ಸ್ಯಾಂಡಲ್ ಎಂದು. ಕೊಲ್ಹಾಪುರದ ಸುದ್ದಿಯಿಲ್ಲ, ಭಾರತದ ಸುದ್ದಿಯಿಲ್ಲ. ಗುಲ್ಲೆದ್ದಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆದ ಮೇಲೆ, ಭಾರತದ ಕೈಕಸುಬಿನಿಂದ ಸ್ಫೂರ್ತಿ ಪಡೆದದ್ದು ನಿಜವೆಂದು ಕಂಪನಿ ಒಪ್ಪಿಕೊಂಡಿತು. ಮುಂಬೈ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಜುಲೈನಲ್ಲಿ ವಜಾ ಆಯಿತು. ಹೆಸರಿನ ಒಡೆಯರು ಇದ್ದಾರಲ್ಲ, ದೂರಬೇಕಾದವರು ಅವರು ಎಂಬುದು ನ್ಯಾಯಾಲಯದ ನಿಲುವು. ಆ ಒಡೆಯರು ಯಾರೆಂದು ನಾಡಿಗೆ ಗೊತ್ತಾದದ್ದು ಆಗಲೇ. ಒಡೆತನದಲ್ಲಿ ಲಿಡ್ಕರ್ ಹೆಸರೂ ಇದೆಯೆಂದು, ಎಂದರೆ ಅರ್ಧ ಹೆಸರು ಕರ್ನಾಟಕದ್ದೆಂದು, ಎಷ್ಟೋ ಕನ್ನಡಿಗರಿಗೇ ಆವರೆಗೆ ತಿಳಿದಿರಲಿಲ್ಲ.

ಡಿಸೆಂಬರ್ ತಿಂಗಳಲ್ಲಿ ಒಪ್ಪಂದವಾಯಿತು. ಪ್ರಾಡಾ ಒಂದು ಕಡೆ, ಲಿಡ್‌ಕಾಮ್ ಮತ್ತು ಲಿಡ್ಕರ್ ಇನ್ನೊಂದು ಕಡೆ. ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2,000 ಜೋಡು ಮಾಡಿಸುವುದು, ಜೋಡಿಗೆ ಸುಮಾರು 800 ಯೂರೊ ಬೆಲೆ ಇಡುವುದು, 2026ರ ಫೆಬ್ರುವರಿಯಿಂದ ಜಗತ್ತಿನ 40 ಮಳಿಗೆಗಳಲ್ಲಿ ಮಾರುವುದು ಎಂದು ಪ್ರಕಟವಾಯಿತು. ಕಸುಬಿನವರಿಗೆ ತರಬೇತಿಯ ಮಾತೂ ಅದರಲ್ಲಿತ್ತು. 800 ಯೂರೊ ಎಂದರೆ 80,000 ರೂಪಾಯಿಗೂ ಮೇಲೆ. ಅಥಣಿಯ ಕಟ್ಟೆಯ ಮೇಲೆ ಒಳ್ಳೆಯ ಜೋಡೊಂದು ಕೆಲವು ನೂರರಿಂದ ಒಂದೆರಡು ಸಾವಿರದೊಳಗೆ ಕೈಗೆ ಬರುತ್ತದೆ. ನಡುವಿನ ಅಂತರವಷ್ಟೂ ಹೆಸರಿನ ಬೆಲೆ. ಚರ್ಮಕ್ಕಲ್ಲ, ಹೆಣಿಗೆಗಲ್ಲ. ಆ ಹೆಸರು ಪ್ರಾಡಾದ್ದು ಎಂಬುದನ್ನು ಒಪ್ಪಬೇಕು. ಅದರ ಪಕ್ಕದಲ್ಲಿ ಕೊಲ್ಹಾಪುರಿ ಎಂಬ ಹೆಸರು ಕೂತಿತಲ್ಲ, ಅದು ಗೆಲುವೆಂದೂ ಒಪ್ಪಬೇಕು. ಆದರೆ 2,000 ಜೋಡಿನಿಂದ ಎಷ್ಟು ಮನೆಯ ಒಲೆ ಎಷ್ಟು ದಿನ ಉರಿದೀತು ಎಂದು ಕಸುಬಿನವರು ಕೇಳಿದರೆ ಅದನ್ನು ಕೊಂಕು ಎನ್ನಲಾಗದು.

ಏಕೆಂದರೆ ಅವರ ನಿಜವಾದ ಎದುರಾಳಿ ಮಿಲಾನಿನಲ್ಲಿಲ್ಲ. ರೆಕ್ಸಿನ್ನು, ರಬ್ಬರಿನಲ್ಲಿ ಯಂತ್ರ ಅಚ್ಚು ಹಾಕಿದ ‘ಕೊಲ್ಹಾಪುರಿ’ ಯಾವ ಪೇಟೆಯಲ್ಲೂ ಸಿಗುತ್ತದೆ, ಹಾರೂಗೇರಿ ಸಂತೆಯಂಥ ಸಂತೆಗಳಲ್ಲೂ. ಗೊಂಬೆಗೆ ಹೆಸರು ಹಾಕಲು ಹೆದರುವ ಪೇಟೆ ಚಪ್ಪಲಿಗೆ ಹೆಸರು ಹಾಕಲು ಹೆದರುವುದಿಲ್ಲ. ಕಾರಿನ ಕಂಪನಿಗೆ ವಕೀಲರ ಪಡೆ ಇದೆ; ರಂಪಿ ಹಿಡಿದವನು ದಿನದ ಕೂಲಿ ಬಿಟ್ಟು ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು? ಜೋಡಿನ ಜೊತೆ ಕ್ಯೂಆರ್ ಸಂಕೇತ ಕೊಟ್ಟು, ಮಾಡಿದವರ ಹೆಸರೂ ಊರೂ ಗಿರಾಕಿಗೆ ಕಾಣುವಂತೆ ಮಾಡುವ ಕೆಲಸವನ್ನು ಮಹಾರಾಷ್ಟ್ರದ ನಿಗಮ ಕೈಗೆತ್ತಿಕೊಂಡಿದೆ. ಈಚೆ ದಂಡೆಯಲ್ಲೂ ಪ್ರತಿ ಜೋಡಿಗೆ ಅದು ಅಂಟಿದರೆ, ಅಥಣಿಯ ಹೆಂಗಸಿನ ಹೆಸರು ಮೊದಲ ಬಾರಿಗೆ ಕೊಲ್ಹಾಪುರಿಯ ಜೊತೆ ಪಯಣ ಮಾಡೀತು.

ಈ ದಾರಿಯಲ್ಲಿ ಹೋಗಬಯಸುವವರು ಮೀರಜ್–ಬೆಳಗಾವಿ ಮಾರ್ಗದ ರೈಲಿನಲ್ಲಿ ಕುಡಚಿ ಇಲ್ಲವೇ ರಾಯಬಾಗ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಹಾರೂಗೇರಿಗೂ ಅಥಣಿಗೂ ಬಸ್ಸುಗಳಿವೆ. ಕಬ್ಬಿನ ಹಂಗಾಮಾದರೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುವುದು ಕ್ಷೇಮ. ಅಥಣಿಯಲ್ಲಿ ಅಂಗಡಿಗಿಂತ ಓಣಿಗೇ ಹೋಗುವುದು ಮೇಲು. ಜೋಡನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಬೇಕು. ಅಟ್ಟೆಯ ಅಂಚಿನಲ್ಲಿ ಚರ್ಮದ ಪದರಗಳು ಎಣಿಸಿದಂತೆ ಕಾಣಬೇಕು, ಹೊಲಿಗೆ ಚರ್ಮದ ಎಳೆಯದಾಗಿರಬೇಕು, ಎಲ್ಲೂ ಮೊಳೆ ಇರಬಾರದು. ಮೊದಲ ಎಂಟು ದಿನ ಕಚ್ಚುತ್ತದೆ, ಜರ್ ಜರ್ ಎನ್ನುತ್ತದೆ. ರಾತ್ರಿ ಎಣ್ಣೆ ಸವರಿಟ್ಟರೆ ಒಂಬತ್ತನೆಯ ದಿನಕ್ಕೆ ಕಾಲಿಗೆ ಹೊಂದುತ್ತದೆ. ಮಳೆಯಲ್ಲಿ ಮಾತ್ರ ಮೆಟ್ಟಬಾರದು.